ಎರಡು ಪೌಂಡಿನ ಚೀಟಿ

2012ರ ಏಪ್ರಿಲ್. ಆನ್‌ಸೈಟ್ ಅಂತ ಮ್ಯಾಂಚೆಸ್ಟರ್‌ಗೆ ಹೋಗಿ ಏಳು ತಿಂಗಳಾಗಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಆಫೀಸಿನಲ್ಲಿ ಒಬ್ಬರು ಬಿಸ್ಕತ್ತಿನ ಖಾಲಿ ಡಬ್ಬಿ ಹಿಡಿದು ಸೀಟಿಂದ ಸೀಟಿಗೆ ಬಂದರು. ಒಳಗೆ ಮಡಚಿದ ನಲವತ್ತು ಚೀಟಿ. ಎರಡು ಪೌಂಡ್ ಹಾಕಿ ಒಂದು ಎತ್ತಬೇಕು. ಮರುದಿನ ಲಿವರ್‌ಪೂಲಿನ ಏನ್‌ಟ್ರೀಯಲ್ಲಿ ಗ್ರ್ಯಾಂಡ್ ನ್ಯಾಷನಲ್ ರೇಸು. ಚೀಟಿಯಲ್ಲಿರೋ ಕುದುರೆ ಗೆದ್ದರೆ ಡಬ್ಬಿಯ ದುಡ್ಡು ನಿನ್ನದು. ವರ್ಷವಿಡೀ ರೇಸಿನ ಕಡೆ ತಲೆ ಹಾಕದವರೂ ಆ ಒಂದು ದಿನ ಚೀಟಿ ಎತ್ತುತ್ತಾರೆ.

ನನಗೆ ಬಂದಿದ್ದು ಸಿಂಕ್ರನೈಸ್ಡ್. ಹಿಂದಿನ ತಿಂಗಳಷ್ಟೇ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದಿದ್ದ ಕುದುರೆ. "ಲಕ್ಕಿ ಕಣಯ್ಯಾ ನೀನು" ಅನ್ನೋ ಥರ ಎಲ್ಲರೂ ಬೆನ್ನು ತಟ್ಟಿದರು.

ಬೆಂಗಳೂರಿನ ರೇಸ್‌ಕೋರ್ಸ್ ನೋಡಿರೋರಿಗೆ ಒಂದು ಮಾತು. ನಮ್ಮಲ್ಲಿ ನಡೆಯೋದು ಸಮತಟ್ಟಾದ ಓಟ. ಗ್ರ್ಯಾಂಡ್ ನ್ಯಾಷನಲ್ ಹಾಗಲ್ಲ. ಸುಮಾರು 7 ಕಿಲೋಮೀಟರ್, 30 ನೆಗೆತ. ಆಳೆತ್ತರಕ್ಕೆ ಹತ್ತಿರದ, ಸ್ಪ್ರೂಸ್ ಸೊಪ್ಪು ಹೊದಿಸಿದ ಬೇಲಿಗಳು. ಅವುಗಳಲ್ಲಿ ಒಂದು ಬೇಲಿಯ ಹೆಸರು ಬೀಚರ್ಸ್ ಬ್ರೂಕ್. 1839ರಲ್ಲಿ ಕ್ಯಾಪ್ಟನ್ ಮಾರ್ಟಿನ್ ಬೀಚರ್ ಅನ್ನೋ ಸವಾರ ಅಲ್ಲಿ ಬಿದ್ದು ತೊರೆಯೊಳಗೆ ಅವಿತು ಜೀವ ಉಳಿಸಿಕೊಂಡನಂತೆ. ಅವನ ಹೆಸರು ಜಗತ್ತಿಗೆಲ್ಲ ಗೊತ್ತು. ಅವನ ಜೊತೆ ಬಿದ್ದ ಕುದುರೆ ಕಾನ್ರಾಡ್‌ನ ಹೆಸರು ಎಷ್ಟು ಜನಕ್ಕೆ ಗೊತ್ತಿದೆಯೋ.

ಶನಿವಾರ ಟೀವಿ ಮುಂದೆ ಕೂತೆ. ಓಟ ಶುರುವಾಗೋಕೆ ಮುಂಚೆಯೇ ಸಿಂಕ್ರನೈಸ್ಡ್ ತನ್ನ ಜಾಕಿ ಎ.ಪಿ. ಮೆಕಾಯ್‌ರನ್ನು ಕೆಡವಿ ಓಡಿಹೋಯಿತು. ಹಿಡಿದು ತಂದರು. ಪಶುವೈದ್ಯರು ಪರೀಕ್ಷೆ ಮಾಡಿ ಓಡಬಹುದು ಅಂದರು. ಬೀಚರ್ಸ್ ಬ್ರೂಕ್‌ನಲ್ಲಿ ಬಿತ್ತು. ಎದ್ದು, ಬೆನ್ನ ಮೇಲೆ ಯಾರೂ ಇಲ್ಲದೆಯೇ, ಉಳಿದ ಕುದುರೆಗಳ ಜೊತೆ ಓಡ್ತಾ ಹೋಯಿತು. ಹನ್ನೊಂದನೇ ಬೇಲಿಯ ಹತ್ತಿರ ಕಾಲು ಮುರಿಯಿತು. ಅಲ್ಲೇ ದಯಾಮರಣ ಕೊಟ್ಟರು. ಎರಡನೇ ಸುತ್ತಿನಲ್ಲಿ ಅಕಾರ್ಡಿಂಗ್ ಟು ಪೀಟ್ ಅನ್ನೋ ಇನ್ನೊಂದು ಕುದುರೆಯೂ ಹೋಯಿತು. ನೆಪ್ಚೂನ್ ಕೊಲೋಂಜ್ ಅನ್ನೋ ಬೂದು ಕುದುರೆ ಮೂಗಿನಷ್ಟು ಅಂತರದಲ್ಲಿ ಗೆದ್ದಿತು.

ಸೋಮವಾರ ಆಫೀಸಿಗೆ ಹೋದಾಗ ಪಕ್ಕದ ಸೀಟಿನವನು ಅಂದ: "ಬ್ಯಾಡ್ ಲಕ್, ಮೇಟ್."

ಒಳ್ಳೆ ಮನಸ್ಸಿಂದಲೇ ಅಂದದ್ದು. ಆದರೆ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತು. ಯಾರ ದುರದೃಷ್ಟ? ನನ್ನದಾ? ನನಗೆ ಹೋಗಿದ್ದು ಎರಡು ಪೌಂಡ್.

ಆಮೇಲೆ ಈ ವಿಷಯ ಓದೋಕೆ ಶುರು ಮಾಡಿದೆ. ಕುದುರೆಗೆ ಕಾಲು ಮುರಿದರೆ ಯಾಕೆ ಉಳಿಸೋಕಾಗಲ್ಲ ಅನ್ನೋದು ಮೊದಲ ಪ್ರಶ್ನೆ. ಸುಮಾರು 500 ಕೆಜಿ ತೂಕದ ಪ್ರಾಣಿ. ಮೊಣಕಾಲಿನ ಕೆಳಗೆ ಬರೀ ಮೂಳೆ, ಸ್ನಾಯುರಜ್ಜು, ಚರ್ಮ. ವಾರಗಟ್ಟಲೆ ಮಲಗಿಸೋ ಹಾಗಿಲ್ಲ. ಮೂರು ಕಾಲ ಮೇಲೆ ನಿಂತರೆ ಭಾರ ಹೊತ್ತ ಒಳ್ಳೆ ಕಾಲಿನ ಗೊರಸು ಒಳಗಿಂದ ಕೆಡುತ್ತೆ. ಅಮೆರಿಕದ ಬಾರ್ಬರೋ ಅನ್ನೋ ಚಾಂಪಿಯನ್ ಕುದುರೆಗೆ 2006ರಲ್ಲಿ ಸಮತಟ್ಟು ಓಟದಲ್ಲೇ ಕಾಲು ಮುರಿಯಿತು. ದುಡ್ಡಿಗೆ, ಡಾಕ್ಟರಿಗೆ ಏನೂ ಕಮ್ಮಿ ಇರಲಿಲ್ಲ. ಎಂಟು ತಿಂಗಳು ಒದ್ದಾಡಿ, ಕೊನೆಗೆ ಗೊರಸಿನ ಕಾಯಿಲೆಯಿಂದಲೇ 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು. ಅಂದರೆ ಮೈದಾನದಲ್ಲಿ ಪರದೆ ಕಟ್ಟಿ ಮುಗಿಸೋದು ಎಷ್ಟೋ ಸಲ ಕ್ರೌರ್ಯ ಅಲ್ಲ, ಕರುಣೆಯೇ. ಕೇಳಬೇಕಾದ ಪ್ರಶ್ನೆ ಪರದೆಯದ್ದಲ್ಲ, ಬೇಲಿಯದ್ದು.

ಬೇಲಿಯ ಕತೆ ಹೀಗಿದೆ. 2011ರಲ್ಲೂ ಎರಡು ಕುದುರೆ ಸತ್ತಿದ್ದವು. ಎರಡನೇ ಸುತ್ತಿನಲ್ಲಿ ಉಳಿದವು ಆ ಬೇಲಿಗಳನ್ನ ಬಿಟ್ಟು ಪಕ್ಕದಿಂದ ಹಾದುಹೋದವು. ಅದಾದ ಮೇಲೆ ಬೀಚರ್ಸ್‌ನ ಆಚೆ ಬದಿಯ ಇಳಿಜಾರನ್ನ ಕೆಲವು ಇಂಚು ಕಮ್ಮಿ ಮಾಡಿದರು. 2012ರ ನಂತರ ಬೇಲಿಗಳ ಒಳಗಿದ್ದ ಗಟ್ಟಿ ಮರದ ಚೌಕಟ್ಟು ತೆಗೆದು, ತಾಗಿದರೆ ಬಾಗೋ ಪ್ಲಾಸ್ಟಿಕ್ ಕಡ್ಡಿ ಹಾಕಿದರು. 2013ರಿಂದ 2018ರ ತನಕ, ಆರು ವರ್ಷ, ಆ ರೇಸಿನಲ್ಲಿ ಒಂದು ಕುದುರೆಯೂ ಸಾಯಲಿಲ್ಲ.

ಇನ್ನೊಂದು ವಿಷಯ ಕೇಳಿ. ಬ್ರಿಟನ್ನಿನ ಜಂಪ್ ರೇಸುಗಳಲ್ಲಿ ಕುದುರೆಗೆ ನೆಗೆಯೋ ಜಾಗ ತೋರಿಸೋಕೆ ಕಿತ್ತಳೆ ಬಣ್ಣ ಬಳೀತಿದ್ದರು. ಎಕ್ಸೆಟರ್ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ ನೋಡಿದರೆ, ಹಸಿರಿನ ನಡುವೆ ಕಿತ್ತಳೆ ಕುದುರೆ ಕಣ್ಣಿಗೆ ಎದ್ದು ಕಾಣೋದೇ ಇಲ್ಲ! ಎದ್ದು ಕಾಣ್ತಿದ್ದದ್ದು ನಮಗೆ. 2022ರಿಂದ ಬಿಳಿಗೆ ಬದಲಾಯಿಸಿದರು.

ಇದನ್ನ ಓದಿ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಜೊತೆಗೆ ಒಂದು ಇರಿಸುಮುರಿಸು. ಇಳಿಜಾರನ್ನ ಇಂಚಿನ ಲೆಕ್ಕದಲ್ಲಿ ಸವರಿ, ಬಣ್ಣ ಬದಲಾಯಿಸಿ ಸಾವು ಕಮ್ಮಿ ಮಾಡೋಕಾಗುತ್ತೆ ಅಂದರೆ, ಅದು ದುರದೃಷ್ಟ ಹೇಗಾಯಿತು? ಬೇಲಿ ಎಷ್ಟು ಎತ್ತರ, ಎಷ್ಟು ಗಟ್ಟಿ, ಎಷ್ಟು ಕುದುರೆ ಒಟ್ಟಿಗೆ ಅನ್ನೋದನ್ನೆಲ್ಲ ಯಾರೋ ಕೂತು ನಿರ್ಧಾರ ಮಾಡಿರ್ತಾರೆ. ಪ್ರತಿ ಸುಧಾರಣೆಯೂ ಹಿಂದಿನ ಸಾವುಗಳ ಬಗ್ಗೆ ಒಂದು ತಪ್ಪೊಪ್ಪಿಗೆ. ಇಷ್ಟಾದರೂ ಅಪಾಯ ಸೊನ್ನೆ ಮಾಡೋಕಾಗಲ್ಲ. ಸೊನ್ನೆ ಆದರೆ ಅದು ಗ್ರ್ಯಾಂಡ್ ನ್ಯಾಷನಲ್ ಆಗಿ ಉಳಿಯಲ್ಲ. ಉಳಿದಿರೋ ಅಪಾಯ ನಮ್ಮ ರೋಮಾಂಚನಕ್ಕೆ ಅಂತ ಇಟ್ಟುಕೊಂಡದ್ದು.

"ಕುದುರೆಗೆ ಓಡೋದೇ ಇಷ್ಟ. ಜಾಕಿ ಬಿದ್ದರೂ ಓಡ್ತಾವಲ್ಲ" ಅಂತ ಪಕ್ಕದ ಸೀಟಿನವನ ವಾದ. ಸಿಂಕ್ರನೈಸ್ಡ್ ನೆನಪಾಗುತ್ತೆ. ನಿಜ, ಸವಾರ ಇಲ್ಲದೆಯೂ ಓಡಿತು. ಆದರೆ ಓಟಕ್ಕೆ ಮೊದಲೇ ಸವಾರನನ್ನ ಕೆಡವಿ ಬೇರೆ ಕಡೆಗೂ ಓಡಿತ್ತು. ಮೊದಲನೆಯದನ್ನ ಇಷ್ಟ ಅಂತ, ಎರಡನೆಯದನ್ನ ತುಂಟತನ ಅಂತ ಓದಿಕೊಂಡವರು ನಾವು. ಗುಂಪಿನ ಪ್ರಾಣಿ ಗುಂಪಿನ ಹಿಂದೆ ಓಡುತ್ತೆ, ಅದನ್ನ ಒಪ್ಪಿಗೆಯ ಸಹಿ ಅಂದುಕೊಂಡರೆ ಹೇಗೆ? ಮೆಕಾಯ್ ಕೂಡ ಅದೇ ಬೇಲಿಯಲ್ಲಿ ಬಿದ್ದರು. ಆದರೆ ಅವರಿಗೆ ಅಪಾಯ ಏನು ಅಂತ ಗೊತ್ತಿತ್ತು, ಬೇಡ ಅನ್ನೋ ಬಾಯಿಯೂ ಇತ್ತು.

"ನೀನು ಚಿಕನ್ ತಿನ್ನಲ್ವಾ?" ಅಂತಲೂ ಕೇಳಿದ. ತಿಂತೀನಿ. ಉತ್ತರ ಇರಲಿಲ್ಲ. ಇನ್ನೂ ಕಷ್ಟದ ಪ್ರಶ್ನೆಯನ್ನ ನಾನೇ ಕೇಳಿಕೊಂಡೆ. ನಮ್ಮೂರು ಕಾರ್ಕಳದ ಹತ್ತಿರ. 2017ರಲ್ಲಿ ಕಂಬಳಕ್ಕಾಗಿ ಕಾನೂನು ತಿದ್ದುಪಡಿ ಆಗಬೇಕು ಅಂತ ಜನ ಬೀದಿಗಿಳಿದಾಗ ನಾನೂ "ನಮ್ಮ ಸಂಸ್ಕೃತಿ" ಅಂತ ಫೇಸ್‌ಬುಕ್ಕಿನಲ್ಲಿ ಜೋರಾಗಿ ಬರೆದವನು. ಅವರು 1839 ಅಂತಾರೆ, ನಾವು ಅಜ್ಜನ ಕಾಲ ಅಂತೀವಿ. ಕೋಣದ ಬೆನ್ನ ಮೇಲಿನ ಬಾರುಕೋಲಿನ ಬಗ್ಗೆ ಆ ಪೋಸ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಕಂಬಳದ ಮೇಲೆ ನನಗಿರೋ ಪ್ರೀತಿ ಈಗಲೂ ಹೋಗಿಲ್ಲ. ಆದರೆ ಪ್ರೀತಿ ಇದೆ ಅಂದ ಮಾತ್ರಕ್ಕೆ ಲೆಕ್ಕ ಕೊಡೋದು ತಪ್ಪಲ್ಲ ಅಂತ ಏನ್‌ಟ್ರೀಯೇ ಕಲಿಸಿತು. ಒಂದು ಕಡೆ ತಪ್ಪು ಮಾಡ್ತೀನಿ ಅಂತ ಎಲ್ಲಾ ಕಡೆ ಕಣ್ಣು ಮುಚ್ಚಿಕೊಳ್ಳೋದು ಪ್ರಾಮಾಣಿಕತೆ ಅಲ್ಲ, ಸೋಮಾರಿತನ.

ಬೆಂಗಳೂರಿಗೆ ವಾಪಸ್ ಬಂದು ಎಷ್ಟೋ ವರ್ಷವಾಯಿತು. ಹಳೇ ಟೀಮಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಚೀಟಿ ಆಟ ಈಗಲೂ ಇದೆ. 2023ರಲ್ಲಿ ಪ್ರತಿಭಟನೆಕಾರರು ಮೈದಾನಕ್ಕೆ ನುಗ್ಗಿ ರೇಸು ತಡವಾಯಿತು, ಹಿಲ್ ಸಿಕ್ಸ್‌ಟೀನ್ ಅನ್ನೋ ಕುದುರೆ ಮೊದಲ ಬೇಲಿಯಲ್ಲೇ ಸತ್ತಿತು. ಮುಂದಿನ ವರ್ಷ ಗ್ರೂಪಿನಲ್ಲಿ ಮೆಸೇಜು: "ಈ ಸಲ ಮೂವತ್ನಾಲ್ಕೇ ಕುದುರೆ, ಚೀಟಿ ಕಮ್ಮಿ, ಬೇಗ ಹೇಳಿ." ಸುರಕ್ಷತೆಗೆ ಅಂತ ನಲವತ್ತನ್ನ 34ಕ್ಕೆ ಇಳಿಸಿದ್ದರು. ನಾನು ಬೇಡ ಅಂದೆ. ಕಾರಣ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಆ ಶನಿವಾರ ರಾತ್ರಿ ಫೋನಿನಲ್ಲಿ ಫಲಿತಾಂಶ ನೋಡಿದೆ. ಓಡಿದ 32 ಕುದುರೆಗಳೂ ಜೀವಂತ ವಾಪಸ್ ಬಂದಿದ್ದವು. ಗೆದ್ದ ಕುದುರೆಯ ಹೆಸರು ನೋಡೋಕೆ ಮರೆತೆ.

2025ರಲ್ಲಿ ಸೆಲೆಬ್ರ್ ದಾಲೆನ್ ಅನ್ನೋ 13 ವರ್ಷದ ಕುದುರೆ ಓಟದ ಕೊನೆಯಲ್ಲಿ ಕುಸಿದು, ಕೆಲವು ದಿನದಲ್ಲಿ ತೀರಿಕೊಂಡಿತು. ಆ ಚೀಟಿ ಗ್ರೂಪಿನಲ್ಲಿ ಯಾರಿಗೆ ಬಂದಿತ್ತು ಅಂತ ಕೇಳೋಕೆ ನನಗೆ ಮನಸ್ಸಾಗಲಿಲ್ಲ.