ಬಲ, ನಿಷೇಧ ಮತ್ತು ರೂಪ

ಒಂದು ವಸ್ತುವಿಗೆ ನಿಯತವಾದ ರೂಪ ಒದಗಲು ಅದರ ಅಂಗಗಳನ್ನು ಬಿಗಿದಿಡುವ ಬಲವೊಂದೇ ಸಾಕೇ, ಅಥವಾ ಅದು ಬೇರೊಂದು ರೂಪ ತಾಳದಂತೆ ತಡೆಯುವ ನಿಷೇಧವೂ ಅದರೊಳಗಿರಬೇಕೇ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ಆಕಾರವೆಂಬುದು ಮಿತಿಯೇ ಹೊರತು ಬೇರೇನಲ್ಲ, ಮಿತಿಯೆಂದರೆ ನಿಷೇಧ ಎಂಬ ನಿಲುವನ್ನು ಸ್ಪಿನೋಜಾ 1674ರ ಪತ್ರವೊಂದರಲ್ಲಿ ತಾಳಿದನು. ಅವನಿಗಿಂತ ಶತಮಾನಗಳ ಹಿಂದೆ ಬೌದ್ಧ ತಾರ್ಕಿಕನಾದ ದಿಙ್ನಾಗನು, ಪದವು ತನ್ನ ಅರ್ಥವನ್ನು ಅನ್ಯವನ್ನು ಹೊರಗಿಡುವ ಮೂಲಕವೇ ತಿಳಿಸುತ್ತದೆ ಎಂಬ ಅಪೋಹವಾದವನ್ನು ಮಂಡಿಸಿದ್ದನು. ದಿಙ್ನಾಗನ ವಿಚಾರ ಪದಾರ್ಥಜ್ಞಾನಕ್ಕೆ ಸಂಬಂಧಿಸಿದ್ದು, ಅಣುಗಳಿಗಲ್ಲ. ಆದರೂ ಈ ಪ್ರಶ್ನೆಯನ್ನು ಪ್ರಯೋಗದ ಮೂಲಕವೇ ಪರಿಶೀಲಿಸಬಹುದಾದ ಒಂದು ಅಪೂರ್ವ ನಿದರ್ಶನ ಪ್ರೋಟೀನುಗಳ ರಚನೆಯಲ್ಲಿ ದೊರೆಯುತ್ತದೆ.

ಅಮೈನೊ ಆಮ್ಲಗಳ ಸರಪಳಿಯು ಸುತ್ತಿಕೊಂಡು ಆಲ್ಫಾ ಸುರುಳಿಯಾಗುತ್ತದೆ. ಅಂಥ ಎರಡು ಅಥವಾ ಹೆಚ್ಚು ಸುರುಳಿಗಳು ಹಗ್ಗದ ಎಳೆಗಳಂತೆ ಹುರಿಗೊಂಡ ರಚನೆಗೆ ಕಾಯಿಲ್ಡ್ ಕಾಯಿಲ್ ಎಂದು ಹೆಸರು. ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ಇದರ ಜ್ಯಾಮಿತಿಯನ್ನು ವಿವರಿಸಿದನು. ಇದರಲ್ಲಿ ಏಳು ಅಮೈನೊ ಆಮ್ಲಗಳ ವಿನ್ಯಾಸವೊಂದು ಮರುಕಳಿಸುತ್ತದೆ. ಪ್ರತಿ ಏಳರಲ್ಲಿ ಮೊದಲನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಸಾಮಾನ್ಯವಾಗಿ ಲ್ಯೂಸಿನ್, ವ್ಯಾಲಿನ್‌ಗಳಂತಹ ಜಲವಿಮುಖ, ಅಂದರೆ ನೀರಿನೊಡನೆ ಬೆರೆಯದ, ಆಮ್ಲಗಳಿದ್ದು, ಅವು ನೀರಿನಿಂದ ಮರೆಯಾಗಿ ಒಳಭಾಗದಲ್ಲಿ ಒತ್ತೊತ್ತಾಗಿ ಸೇರುವುದರಿಂದಲೇ ಸುರುಳಿಗಳು ಕೂಡಿ ನಿಲ್ಲುತ್ತವೆ.

ಹೀಗಿರುವಾಗ, ಯೀಸ್ಟಿನಲ್ಲಿ ಜೀನುಗಳ ಕಾರ್ಯವನ್ನು ನಿಯಂತ್ರಿಸುವ ಜಿಸಿಎನ್4 ಎಂಬ ಪ್ರೋಟೀನಿನ ಜೋಡಿಸುರುಳಿಯ ಗರ್ಭದಲ್ಲಿಯೇ ಆಸ್ಪರಜಿನ್ ಎಂಬ ಧ್ರುವೀಯ ಆಮ್ಲ, ಅಂದರೆ ವಿದ್ಯುದಂಶ ಅಸಮವಾಗಿ ಹಂಚಿಹೋಗಿ ನೀರಿನ ಒಡನಾಟವನ್ನು ಬಯಸುವ ಆಮ್ಲ, ಹುದುಗಿರುವುದು ಮೇಲ್ನೋಟಕ್ಕೆ ದೋಷದಂತೆ ಕಾಣುತ್ತದೆ. ಅದರ ಸ್ಥಾನದಲ್ಲಿ ವ್ಯಾಲಿನ್ ಇಟ್ಟಾಗ ರಚನೆಯ ದೃಢತೆ ಹೆಚ್ಚಿತು. ಆದರೆ ಎರಡೆಳೆಯ ರೂಪದೊಡನೆ ಮೂರೆಳೆಯ ರೂಪವೂ ಬೆರೆತು ಕಾಣಿಸಿಕೊಂಡಿತು ಎಂದು ಹಾರ್ಬರಿ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. 1995ರಲ್ಲಿ ಲಂಬ್ ಮತ್ತು ಕಿಮ್ ತಾವು ಪರಿಶೀಲಿಸಿದ ಕೃತಕ ಜೋಡಿಸುರುಳಿಯಲ್ಲಿ ಆಸ್ಪರಜಿನ್ನಿನ ಬದಲು ಲ್ಯೂಸಿನ್ ಇಟ್ಟಾಗಲೂ ದೃಢತೆ ಏರಿತು, ಆದರೆ ಸುರುಳಿಗಳು ನಾಲ್ಕಾಗಿ ಕೂಡಿ, ಯಾವುದು ಯಾವ ದಿಕ್ಕಿಗೆ ಮುಖ ಮಾಡಬೇಕೆಂಬ ನಿಯತಿಯನ್ನೇ ಕಳೆದುಕೊಂಡವು.

ಕಾರಣವಿಷ್ಟೇ: ಜಲವಿಮುಖ ಆಕರ್ಷಣೆ ಬಲವಾದುದಾದರೂ ಆಯ್ಕೆಯಲ್ಲಿ ಉದಾರವಾದುದು, ಅನೇಕ ಜೋಡಣೆಗಳು ಅದಕ್ಕೆ ಒಪ್ಪಿಗೆಯೇ. ಆಸ್ಪರಜಿನ್ ಹಾಗಲ್ಲ. ಎರಡು ಸುರುಳಿಗಳು ಒಂದೇ ದಿಕ್ಕಿನಲ್ಲಿ, ಸರಿಯಾದ ಹೊಂದಿಕೆಯಲ್ಲಿ ನಿಂತಾಗ ಅದು ಎದುರಿನ ಆಸ್ಪರಜಿನ್ನಿನೊಡನೆ ಹೈಡ್ರೋಜನ್ ಬಂಧವನ್ನು ಕಟ್ಟಿಕೊಳ್ಳುತ್ತದೆ. ತಪ್ಪು ಹೊಂದಿಕೆಯಲ್ಲಿ ಜೊತೆಯಿಲ್ಲದೆ ಜಲವಿಮುಖ ನೆರೆಯ ನಡುವೆ ಉಳಿದು, ಆ ರೂಪವನ್ನು ಹೆಚ್ಚು ದುಬಾರಿಯಾಗಿಸುತ್ತದೆ.

ಆದುದರಿಂದ ಸ್ಥಿರತೆ ಮತ್ತು ಅನನ್ಯತೆ ಒಂದೇ ಗುಣದ ಎರಡು ಹೆಸರುಗಳಲ್ಲ. ಎರಡನೆಯದಕ್ಕಾಗಿ ಮೊದಲನೆಯದರಲ್ಲಿ ಒಂದಂಶವನ್ನು ತೆರಬೇಕಾಗುತ್ತದೆ. ಹಾಗೆಂದು ನಿಷೇಧವೇ ಸರ್ವಸ್ವವೆನ್ನಲಾಗದು. ಗೋವಲ್ಲದುದನ್ನು ಹೊರಗಿಡಬೇಕಾದರೆ ಗೋವು ಯಾವುದೆಂದು ಮೊದಲೇ ತಿಳಿದಿರಬೇಕೆಂದು ಅಪೋಹವಾದವನ್ನು ಖಂಡಿಸಿದ ಕುಮಾರಿಲ ಭಟ್ಟನ ಆಕ್ಷೇಪಕ್ಕೂ ಇಲ್ಲಿ ಬಲವಿದೆ: ಆಸ್ಪರಜಿನ್ ಅನ್ಯರೂಪಗಳನ್ನು ತಡೆಯುವುದು ಒಂದು ರೂಪದಲ್ಲಿ ಅದಕ್ಕೆ ನಿಜವಾದ ಸಂಬಂಧ ದೊರೆಯುವುದರಿಂದಲೇ, ಮತ್ತು ಲ್ಯೂಸಿನ್‌ಗಳು ಕೂಡಿಸದಿದ್ದರೆ ತಡೆಯುವುದಕ್ಕೆ ಯಾವ ರೂಪವೂ ಇರುತ್ತಿರಲಿಲ್ಲ. ಬಲವು ವಸ್ತುವಿಗೆ ಇರವನ್ನು ಕೊಡುತ್ತದೆ. ಅದು ಇಂಥದೇ ಆಗಿರುವುದು ಆ ಬಲಕ್ಕೆ ಒಳಗಿನಿಂದಲೇ ಬೀಳುವ ಮಿತಿಯಿಂದ.