ಒದಗುವಷ್ಟೇ ಲೆಕ್ಕ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ತೆರೆಯಿತು. ಮುಂದೆ ಅಲ್ಲಿ ಪೈಲಟ್ ತರಬೇತಿಯೂ ಶುರುವಾಯಿತು. ಸಣ್ಣ ವಿಮಾನ ಹಾರಿಸಲು ಕಲಿಯುವವರಿಗೆ ಮೊದಲ ಪಾಠಗಳಲ್ಲೊಂದು ನೆಲದ ಮೇಲೆಯೇ ನಡೆಯುತ್ತದೆ: ಟ್ಯಾಂಕಿನ ಮುಚ್ಚಳ ಬಿಚ್ಚಿ, ಇಂಧನ ಎಷ್ಟಿದೆ ಎಂದು ಕಣ್ಣಾರೆ ನೋಡುವುದು, ಗುರುತು ಹಾಕಿದ ಕಡ್ಡಿ ಇದ್ದರೆ ಅದನ್ನು ಇಳಿಸಿ ಅಳೆಯುವುದು. ಒಳಗೆ ಮೀಟರ್ ಇದ್ದೂ ಈ ಕಡ್ಡಿ ಏಕೆ? ಮೀಟರ್ ಒಂದನ್ನೇ ನಂಬುವಂತಿಲ್ಲ.

ರೆಕ್ಕೆ ಒಡಲಿನ ತಳದಲ್ಲಿರುವ ಪೈಪರ್ ಚೆರೋಕಿಯಂಥ ವಿಮಾನದಲ್ಲಿ ಕಡ್ಡಿಯೂ ಪೂರ್ತಿ ನಿಜ ಹೇಳುವುದಿಲ್ಲ. ಅದರ ರೆಕ್ಕೆ ತುದಿಯ ಕಡೆ ತುಸು ಮೇಲೆದ್ದಿರುತ್ತದೆ. ಟ್ಯಾಂಕಿನ ಬಾಯಿ ಇರುವುದೂ ಆ ಎತ್ತರದ ಕಡೆಗೇ. ಇಂಧನ ಕಡಿಮೆಯಾದಂತೆ ಉಳಿದದ್ದು ವಿಮಾನದ ಒಡಲಿನ ಕಡೆ ಸರಿದು ನಿಲ್ಲುತ್ತದೆ. ಕಡ್ಡಿ ಒದ್ದೆಯಾಗದೆಯೇ ಮೇಲೆ ಬರುತ್ತದೆ.

ಮೀಟರಿನ ಲೆಕ್ಕವೇ ಬೇರೆ. ವಿಮಾನ ಸಮತಲವಾಗಿ ಹಾರುವಾಗ ಬಳಸಬಹುದಾದ ಇಂಧನ ಮುಗಿದರೆ ಅದರ ಮುಳ್ಳು ಸೊನ್ನೆ ತೋರಿಸಬೇಕೆಂಬುದು ನಿಯಮ. ಆಗಲೂ ಟ್ಯಾಂಕಿನ ತಳದಲ್ಲಿ ಸ್ವಲ್ಪ ಉಳಿದಿರುತ್ತದೆ. ಚೆರೋಕಿ ಮನೆತನದ ಹಲವು ವಿಮಾನಗಳ ಎರಡು ಟ್ಯಾಂಕುಗಳಲ್ಲಿ ಸುಮಾರು 189 ಲೀಟರ್ ಹಿಡಿಯುತ್ತದೆ. ಹಾರಾಟದ ಲೆಕ್ಕಕ್ಕೆ ಹಿಡಿಯುವುದು ಸುಮಾರು 182. ಉಳಿದದ್ದು ಎಂಜಿನ್ನಿಗೆ ತಲುಪುವ ಭರವಸೆ ಇಲ್ಲ. ಸಾಲದ್ದಕ್ಕೆ, ಎಂಜಿನ್ ಒಮ್ಮೆಗೆ ಒಂದೇ ಟ್ಯಾಂಕಿನಿಂದ ಕುಡಿಯುತ್ತದೆ. ಟ್ಯಾಂಕ್ ಬದಲಿಸುವ ಕೀಲಿ ತಿರುಗಿಸಲು ಪೈಲಟ್ ಮರೆತರೆ ಒಂದು ರೆಕ್ಕೆ ತುಂಬಿರುವಾಗಲೇ ಎಂಜಿನ್ ನಿಂತುಹೋದೀತು.

ಇದ್ದೂ ಒದಗದ ಈ ಲೆಕ್ಕವನ್ನು ಭೀಮಾ ನದಿ ದಂಡೆಯ ಮಣ್ಣೂರು ಎಂಬ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನದಿಯ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಉಜನಿ ಜಲಾಶಯ ತುಂಬಿದರೆ ಸುಮಾರು 117 ಟಿಎಂಸಿ ನೀರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 63 ಟಿಎಂಸಿ, ಡೆಡ್ ಸ್ಟೋರೇಜ್, ಅಂದರೆ ಬಳಕೆಯ ಲೆಕ್ಕಕ್ಕೆ ಬರದ ನೀರು. ಬಿರುಬೇಸಿಗೆಯಲ್ಲಿ ಅಲ್ಲಿನ ಮಟ್ಟವನ್ನು ಸೊನ್ನೆಗಿಂತ ಕೆಳಗೆ, ಮೈನಸ್ ಲೆಕ್ಕದಲ್ಲಿ ಹೇಳುತ್ತಾರೆ. ಅಣೆಕಟ್ಟಿನ ಹಿಂದೆ ನೀರು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಇತ್ತ ಹೊಳೆ ಬತ್ತಿದಾಗ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಮರಳಿನಲ್ಲಿ ಕೂತಿರುತ್ತದೆ. ಕಬ್ಬಿಗೆ ನೀರುಣಿಸುವವನಿಗೆ ಉಜನಿಯ ಒಟ್ಟು ಲೆಕ್ಕ ತೆಗೆದುಕೊಂಡು ಆಗಬೇಕಾದದ್ದೇನು?

ಎಷ್ಟಿದೆ ಎಂದು ಕೇಳಿಕೊಳ್ಳುವುದು ನಮಗೆಲ್ಲ ರೂಢಿ. ಬೇಕಾದ ಹೊತ್ತಿಗೆ ಬೇಕಾದಲ್ಲಿಗೆ ಎಷ್ಟು ತಲುಪುತ್ತದೆ ಎಂದು ಕೇಳಿಕೊಳ್ಳುವವರು ಕಡಿಮೆ. ಅಣ್ಣತಮ್ಮಂದಿರ ಮೇಲೆ ನಮಗೆ ಜೀವದಷ್ಟು ಪ್ರೀತಿ ಇರಬಹುದು. ಅವರು ಆಸ್ಪತ್ರೆಯಲ್ಲಿ ಮಲಗಿದಾಗ ರಜೆ ಹಾಕಿ ಹೋಗುವಷ್ಟು ಅದರಲ್ಲಿ ಒದಗುವುದೆ? ಹಾಗೆಂದು ತಳದಲ್ಲಿ ಉಳಿದದ್ದು ಸುಳ್ಳಲ್ಲ. ಒಳಗೇ ಉಳಿದ ಪ್ರೀತಿಯೂ ಪ್ರೀತಿಯೇ. ಅದನ್ನು ನೆಚ್ಚಿ ಪ್ರಯಾಣ ಹೊರಡುವಂತಿಲ್ಲ, ಅಷ್ಟೇ.

ಆದ್ದರಿಂದ ಎಚ್ಚರದ ಪೈಲಟ್ ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಕಣ್ಣು ಕಂಡದ್ದು, ಮೀಟರ್ ತೋರಿಸಿದ್ದು, ಹಾರಿದ ಗಂಟೆಗಳಿಗೆ ಎಷ್ಟು ಖರ್ಚಾಗಿರಬೇಕೆಂಬ ಲೆಕ್ಕ, ಮೂರನ್ನೂ ಎದುರುಬದುರು ಇಡುತ್ತಾನೆ. ತಾಳೆಯಾಗದಿದ್ದರೆ ಎಲ್ಲಕ್ಕಿಂತ ಕಡಿಮೆ ಹೇಳಿದ್ದನ್ನು ಹಿಡಿಯುತ್ತಾನೆ. ನಮ್ಮ ವಿಷಯ ಬಂದಾಗ ನಾವು ಹೆಚ್ಚು ಹೇಳಿದ ಸಾಕ್ಷಿಯ ಕಡೆಗೇ ವಾಲುತ್ತೇವೆ. ಉತ್ಸಾಹದಲ್ಲಿದ್ದ ದಿನ ಮಾಡಿದ್ದನ್ನೇ ನಮ್ಮ ಶಕ್ತಿಯ ಅಳತೆ ಎಂದುಕೊಳ್ಳುತ್ತೇವೆ. ಮಾತು ಕೊಡುವಾಗಲಾದರೂ ದಣಿದ ದಿನ ನಮ್ಮಿಂದ ಆಗುವಷ್ಟನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಕೊಟ್ಟ ಮಾತು ಸಣ್ಣದಾದೀತು. ಅದನ್ನು ನಂಬಿ ಹೊರಟವರು ನಡುದಾರಿಯಲ್ಲಿ ಕೈಚೆಲ್ಲಬೇಕಾಗುವುದಿಲ್ಲ.