ರಾತ್ರಿಯ ಹಾಸಿಗೆ ಯಾರದು?

ಸ್ಪೇನ್ ದೇಶದ ಸಂತಿಯಾಗೊ ದೆ ಕೊಂಪೊಸ್ತೆಲದಲ್ಲಿ ಪ್ರೇಷಿತ ಸಂತ ಯಕೋಬರ ಸಮಾಧಿ ಇದೆಯೆಂಬ ನಂಬಿಕೆಯಿಂದ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಭಕ್ತರು ಅಲ್ಲಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾರೆ. ಫ್ರಾನ್ಸಿನ ಗಡಿಯಿಂದ ಹೊರಟರೆ ಸುಮಾರು 780 ಕಿ.ಮೀ. ದೂರ. ದಿನಕ್ಕೆ 25 ಕಿ.ಮೀ. ನಡೆದರೂ ಒಂದು ತಿಂಗಳು ಬೇಕು. ಅಂದರೆ ಮೂವತ್ತು ರಾತ್ರಿ ಎಲ್ಲಾದರೂ ತಲೆ ಊರಬೇಕು!

ಇದಕ್ಕಾಗಿ ದಾರಿಯುದ್ದಕ್ಕೂ ‘ಅಲ್ಬೆರ್ಗೆ’ ಎಂಬ ಯಾತ್ರಿಕರ ಛತ್ರಗಳಿವೆ. ಕೈಯಲ್ಲಿರುವ ಯಾತ್ರಿಕ ಪುಸ್ತಿಕೆಗೆ ಮುದ್ರೆ ಒತ್ತಿಸಿಕೊಂಡು, ಸಾಮಾನ್ಯವಾಗಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಜಾಗ ಖಾಲಿ ಮಾಡಬೇಕು. ಸಾರ್ವಜನಿಕ ಛತ್ರಗಳಲ್ಲಿ ಹೆಚ್ಚಾಗಿ ಮೊದಲು ಬಂದವರಿಗೆ ಮೊದಲ ಹಾಸಿಗೆ. ಖಾಸಗಿಯವರು ಮುಂಗಡ ಕಾದಿರಿಸುತ್ತಾರೆ. ಯಾತ್ರೆ ಪೂರೈಸಿದ ಪತ್ರವನ್ನು 2024ರಲ್ಲಿ ಐದು ಲಕ್ಷಕ್ಕೆ ಸಮೀಪ ಜನ ಪಡೆದರು. ಕೊನೆಯ 100 ಕಿ.ಮೀ. ನಡೆದರೂ ಆ ಪತ್ರ ಸಿಗುವುದರಿಂದ ಕೊನೆಯ ಊರುಗಳಲ್ಲಿ ನೂಕುನುಗ್ಗಲು. ಹಾಸಿಗೆ ಸಿಗಲೆಂದು ಕೆಲವರು ನಸುಕಿನ ಕತ್ತಲಲ್ಲೇ ಟಾರ್ಚ್ ಹಿಡಿದು ಓಡುತ್ತಾರೆ.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ಬೇಗ ಎದ್ದವನು ಯಾರದನ್ನೂ ಕದ್ದಿಲ್ಲ. ಮಂಡಿನೋವಿನ ಅಜ್ಜಿಯೊಬ್ಬರು ಮೊದಲೇ ಫೋನ್ ಮಾಡಿ ಜಾಗ ಹಿಡಿದಿಟ್ಟರೆ ಅದು ವಿವೇಕವೇ ಹೊರತು ಅವಿಶ್ವಾಸವಲ್ಲ. ನನಗೆ ತೊಡಕೆನಿಸುವುದು ಬೇರೆ. ಮಧ್ಯಾಹ್ನದೊಳಗೆ ಮುಂದಿನ ಊರು ಸೇರಲೇಬೇಕು ಎಂದುಕೊಂಡವನ ಕಣ್ಣಿಗೆ, ಕಾಲಿನ ಬೊಬ್ಬೆ ಒಡೆದು ದಾರಿಬದಿಯಲ್ಲಿ ಕುಳಿತವನು ಸಹಯಾತ್ರಿಕನಾಗಿ ಕಾಣುವುದಿಲ್ಲ, ಒಂದು ಹಾಸಿಗೆಗೆ ಕಡಿಮೆಯಾದ ಪೈಪೋಟಿಯಾಗಿ ಕಾಣುತ್ತಾನೆ. ಜೆರಿಕೋ ದಾರಿಯಲ್ಲಿ ಗಾಯಾಳುವನ್ನು ದಾಟಿಹೋದ ಯಾಜಕನಿಗೂ ಲೇವಿಯನಿಗೂ ಕತ್ತಲಾಗುವ ಮುನ್ನ ತಂಗುದಾಣ ಸೇರುವ ಆತುರವಿತ್ತೋ ಏನೋ! ಸಮಾರಿಯದವನಾದರೋ ಗಾಯಾಳುವನ್ನು ಛತ್ರಕ್ಕೆ ಕರೆತಂದು, ಖರ್ಚಿಗೆ ಎರಡು ನಾಣ್ಯ ಕೊಟ್ಟು, ಮಿಕ್ಕಿದ್ದನ್ನು ಬಂದು ಕೊಡುತ್ತೇನೆಂದ.

ಹಾಗಾದರೆ ತಡವಾಗಿ ಬಂದವನಿಗೂ ಹಕ್ಕಿದೆಯೇ? ದ್ರಾಕ್ಷಿತೋಟದ ಸಾಮತಿಯಲ್ಲಿ ಸಂಜೆ ಬಂದವರಿಗೂ ಪೂರ್ತಿ ಕೂಲಿ ಸಿಕ್ಕಿತು. ಆದರೆ ದಣಿಯ ಹಣ ಮುಗಿಯಲಿಲ್ಲ; ಛತ್ರದ ಹಾಸಿಗೆ ಮುಗಿಯುತ್ತದೆ. ಇಲ್ಲಿ ಲೆಕ್ಕ ಕಠಿಣ. ರಿಯೋಹಾ ಪ್ರಾಂತ್ಯದ ಗ್ರಾನ್ಯೋನ್ ಎಂಬ ಹಳ್ಳಿಯ ದೇವಾಲಯದವರು ಈ ಲೆಕ್ಕವನ್ನೇ ಬದಲಿಸಿಬಿಟ್ಟಿದ್ದಾರೆ. ಅಲ್ಲಿ ಮಂಚಗಳಿಲ್ಲ, ನೆಲದ ಮೇಲೆ ಚಾಪೆಯಂಥ ಹಾಸು. ನಿಗದಿತ ಬಾಡಿಗೆಯಿಲ್ಲ, ಕಾಣಿಕೆ ಪೆಟ್ಟಿಗೆಯಿದೆ. ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುತ್ತಾರೆ. ನೆಲದಲ್ಲಿ ಇನ್ನೊಬ್ಬರಿಗೆ ಜಾಗ ಮಾಡುವುದು ಸುಲಭ, ಸ್ವಲ್ಪ ಸರಿದರಾಯಿತು.

ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿ ತಮ್ಮ ನಿಯಮಾವಳಿಯ 53ನೆಯ ಅಧ್ಯಾಯದಲ್ಲಿ ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಲು ವಿಧಿಸಿದರು. ಬಡವರು ಮತ್ತು ಯಾತ್ರಿಕರ ವಿಷಯದಲ್ಲಿ ಹೆಚ್ಚಿನ ಕಾಳಜಿ ಬೇಕೆಂದರು. ಶ್ರೀಮಂತರಿಗೆ ಗೌರವ ತಾನಾಗಿಯೇ ದೊರಕುತ್ತದೆ ಎಂಬುದನ್ನೂ ಅವರು ಬಲ್ಲವರಾಗಿದ್ದರು.

ಸ್ಪೇನ್ ನಮಗೆ ದೂರ. ಆದರೆ ಆಗಸ್ಟ್ ಕೊನೆಯಲ್ಲಿ ಕಾವಿಬಟ್ಟೆ ತೊಟ್ಟು ಬೆಂಗಳೂರಿನಿಂದ ವೇಳಾಂಗಣಿಗೆ ನಡೆಯುವವರು ನಮ್ಮ ಮನೆಯವರೇ. ಅವರ ದಾರಿಯಲ್ಲೂ ಧರ್ಮಕೇಂದ್ರಗಳಿವೆ, ಸಭಾಂಗಣಗಳಿವೆ, ಶಾಲೆಯ ಜಗಲಿಗಳಿವೆ. ರಾತ್ರಿ ಹತ್ತು ಗಂಟೆಗೆ ಬಂದು ಬಾಗಿಲು ತಟ್ಟುವವರಿಗಾಗಿ ಆ ಒಂದು ವಾರ ಬೀಗದ ಕೈ ಯಾರ ಬಳಿ ಇರಬೇಕು, ನೀರಿನ ತೊಟ್ಟಿ ತುಂಬಿಸುವವರು ಯಾರು ಎಂಬುದನ್ನು ಧರ್ಮಕೇಂದ್ರದ ಪಾಲನಾ ಸಮಿತಿ ಜುಲೈನಲ್ಲೇ ಕುಳಿತು ತೀರ್ಮಾನಿಸಬಹುದು.